ಏಳು ಪಾಯಿಂಟು

ಗಾಜಿಗೆ ಅಂಟಿಸಿದ ಪಟ್ಟಿಯಲ್ಲಿ ಏಳು ಹೆಸರು,
ಯೂನಿಯನ್ನಿನವರು ಅಚ್ಚು ಹಾಕಿಸಿ ಕೊಟ್ಟದ್ದು, ದರ ಸಮೇತ:
ಸೂರ್ಯೋದಯ, ಜಲಪಾತ, ಹೂವಿನ ತೋಟ,
ಹಳೇ ಗೊಂಪಾ, ಹೊಸ ಗೊಂಪಾ,
ತೂಗುಸೇತುವೆ, ಕೊನೆಗೆ ಅಂಗಡಿಬೀದಿ.
ಕಾಯುವುದಕ್ಕೆ ಗಂಟೆಗೆ ಇಷ್ಟು ಎಂದು ಕೆಳಗೆ ಸಣ್ಣಕ್ಷರ.
ಅದನ್ನು ಓದಿದವರನ್ನು ನಾನಿನ್ನೂ ಕಂಡಿಲ್ಲ.

ಬೆಳಗಿನ ಜಾವ ನಾಲ್ಕಕ್ಕೆ ಹೋಟೆಲಿನ ಮುಂದೆ ಹಾರ್ನು.
ಮಂಕಿಟೋಪಿಯ ಸಂಸಾರ ಒಂದೊಂದಾಗಿ ಇಳಿದು ಬರುತ್ತದೆ,
ಎಲ್ಲರ ಹಿಂದೆ ಥರ್ಮಾಸು.
'ಕಾಂಚನಜುಂಗಾ ಎಷ್ಟು ಗಂಟೆಗೆ ತೆರೆಯುತ್ತೆ?'
ಕೇಳಿದವರು ತಮಾಷೆ ಮಾಡುತ್ತಿರಲಿಲ್ಲ,
ನಾನೂ ಮಾಡಲಿಲ್ಲ: 'ಅದರ ಮನಸ್ಸು, ಸಾರ್.'
ಇವತ್ತು ಅದಕ್ಕೆ ಮನಸ್ಸಾಗಲಿಲ್ಲ.
ಮೋಡ, ಮೋಡದ ಹಿಂದೆ ಮೋಡ,
ಅದರೆದುರಿಗೆ ಎತ್ತಿ ಹಿಡಿದ ನಲವತ್ತು ಮೊಬೈಲು.
ಒಬ್ಬರು ಅರ್ಧ ದುಡ್ಡು ವಾಪಸು ಕೇಳಿದರು.

ಹಳೇ ಗೊಂಪಾಕ್ಕೆ ಬೀಗ. ಯಾವತ್ತೂ ಬೀಗವೇ.
ಬೀಗದ ಕೈ ಚುಂಗ್ಕಿಲಾಳ ಸೊಂಟದಲ್ಲಿ,
ಚುಂಗ್ಕಿಲಾ ಸೀಮೆಬದನೆ ಚಪ್ಪರದ ಕೆಳಗೆ.
ನಾನು ಎರಡು ಸಲ ಸಿಳ್ಳೆ ಹಾಕಬೇಕು,
ಅವಳು ಎರಡು ಸಲ ಬೈಯಬೇಕು,
ಆಮೇಲೆ ಮಣ್ಣಿನ ಕೈ ಬಖುವಿಗೆ ಒರೆಸಿಕೊಳ್ಳುತ್ತ
ಹತ್ತಿ ಬರುತ್ತಾಳೆ. ಎಪ್ಪತ್ತೊಂದು ಮೆಟ್ಟಿಲು,
ಒಂದೊಂದನ್ನೂ ಅವಳ ಮಂಡಿ ಬಲ್ಲದು.

ಬೇರೆಯವರಾದರೆ ಮೊದಲು ಬುದ್ಧನನ್ನು ತೋರಿಸುತ್ತಿದ್ದರು.
ಇವಳು ಗೋಡೆಯ ಬಿರುಕು ತೋರಿಸುತ್ತಾಳೆ.
ಬಣ್ಣದ ಮೋಡದಿಂದ ಹೊರಟು
ಜಿಂಕೆಯೊಂದರ ಬೆನ್ನು ಮುರಿದು
ತಾವರೆಯೊಂದನ್ನು ಎರಡು ಮಾಡಿ
ನೆಲಕ್ಕಿಳಿದಿದೆ ಅದು.
'ನೆಲ ಎದ್ದು ಕೂತ ಸಂಜೆ' ಎನ್ನುತ್ತಾಳೆ ತನ್ನ ಭಾಷೆಯಲ್ಲಿ.
ನಾನು ಹಿಂದಿ ಮಾಡುತ್ತೇನೆ: 'ಭೂಕಂಪ.'
ಅಷ್ಟೇ ಮಾಡುತ್ತೇನೆ.

'ಯಾಕೆ ಮುಚ್ಚಿಸಿಲ್ಲ?'
ಸಿಮೆಂಟಿಗೆ ದುಡ್ಡು ಬಂದಿತ್ತು, ಬಣ್ಣದವನೂ ಬಂದಿದ್ದ.
ಮೂರು ದಿನ ಅವನಿಗೆ ಬೆಣ್ಣೆ ಚಹಾ ಕುಡಿಸಿ
ನಾಲ್ಕನೆಯ ದಿನ ಜಿಂಕೆಗೆ ಕಣ್ಣು ಮಾತ್ರ ತಿದ್ದಿಸಿ
ಕಳಿಸಿಬಿಟ್ಟಳು.
ಕಾರಣ ದೊಡ್ಡ ಲಾಮಾರಿಗೂ ಹೇಳಲಿಲ್ಲ.

ಆ ಸಂಜೆ ನನ್ನ ಜೀಪಿನಲ್ಲಿ ಒಂಬತ್ತು ಜನ,
ಎರಡು ಕೋಳಿ, ಒಂದು ಗ್ಯಾಸ್ ಸಿಲಿಂಡರು.
ಹಿಂದಿನ ಜೀಪು ತಮ್ಮ ಒಂಗ್ದೆನ್‌ನದು.
ಅವನ ಪಕ್ಕದ ಸೀಟಿನಲ್ಲಿ ಚುಂಗ್ಕಿಲಾಳ ಮಗಳು,
ಹೊಲಿಗೆ ಕಲಿಯಲು ಪೇಟೆಗೆ ಹೋಗಿ ಬರುತ್ತಿದ್ದವಳು.
ಅವಳ ಹತ್ತಿರ ಬಾಡಿಗೆ ತೆಗೆದುಕೊಳ್ಳುವುದಿಲ್ಲ ಅಂತ
ಸ್ಟ್ಯಾಂಡಿಗೆಲ್ಲ ಗೊತ್ತಿತ್ತು.
ಮೊದಲ ತಿರುವಿನಲ್ಲಿ ಅವರ ಹೆಡ್‌ಲೈಟು ನನ್ನ ಕನ್ನಡಿಯಲ್ಲಿತ್ತು.
ಎರಡನೆಯ ತಿರುವಿನಲ್ಲಿ
ಕನ್ನಡಿ ಇತ್ತು.

ಇದು ಪಟ್ಟಿಯಲ್ಲಿಲ್ಲ.

ಬಿರುಕಿನೊಳಗಿಂದ ಗಾಳಿ ಬರುತ್ತದೆ, ದಾರದಷ್ಟು.
ಉದ್ದ ಸಾಲಿನಲ್ಲಿ ಎರಡೇ ದೀಪ
ಒಟ್ಟಿಗೆ ಬಾಗಿ ಒಟ್ಟಿಗೆ ನೆಟ್ಟಗಾಗುತ್ತವೆ,
ಉಳಿದವು ಕದಲುವುದಿಲ್ಲ.
ನಾನು ಹೊಸ್ತಿಲಲ್ಲೇ ನಿಂತು ನೋಡುತ್ತೇನೆ.
ಒಳಗೆ ಹೋದರೆ ಬೂಟು ಬಿಚ್ಚಬೇಕು,
ಲೇಸು ಕಟ್ಟುವಷ್ಟರಲ್ಲಿ ಗಿರಾಕಿಗಳಿಗೆ ಹೊತ್ತಾಗುತ್ತದೆ,
ಅಂತ ಎಷ್ಟೋ ವರ್ಷದಿಂದ ಹೇಳಿಕೊಂಡು ಬಂದಿದ್ದೇನೆ.

'ಎಲ್ಲ ಗೊಂಪಾನೂ ಒಂದೇ ಥರ. ಐದನೇದು ಎಷ್ಟು ದೂರ?'
ಅವರಲ್ಲೊಬ್ಬಳು ಚಿಕ್ಕ ಹುಡುಗಿ, ಹಲ್ಲು ಬಿದ್ದವಳು,
ಬಿರುಕಿಗೆ ಬಾಯಿಟ್ಟು ಏನೋ ಹೇಳಿ
ಕಿವಿಯಿಟ್ಟು ಕಾದಳು.
ಚುಂಗ್ಕಿಲಾ ಗದರಲಿಲ್ಲ.
ಅವಳಿಗೆ ಉತ್ತರ ಬರುವ ತನಕವೋ ಬೇಸರ ಬರುವ ತನಕವೋ
ಬೀಗ ಹಿಡಿದು ನಿಂತೇ ಇದ್ದಳು.

ಇಳಿಯುವಾಗ ಎರಡು ಸೀಮೆಬದನೆ ನನ್ನ ಸೀಟಿನ ಮೇಲೆ.
'ನಾಳೆ?'
'ಗಿರಾಕಿ ಸಿಕ್ಕರೆ.'
ಮಳೆಗಾಲವಿಡೀ ಒಬ್ಬ ಗಿರಾಕಿಯೂ ಇರುವುದಿಲ್ಲ.
ಆಗಲೂ ಎರಡು ಸಿಳ್ಳೆ, ಎರಡು ಬೈಗುಳ.

ಸಂಜೆ ಅಂಗಡಿಬೀದಿಯ ಕಡೆಗೆ ಗಾಡಿ ಹೊರಳಿದಾಗ
ಕನ್ನಡಿಯಲ್ಲಿ ಇದ್ದಕ್ಕಿದ್ದಂತೆ ಬೆಟ್ಟ ತೆರೆಯಿತು,
ತುದಿಯಿಂದ ಬುಡದವರೆಗೂ ಕೆಂಪಗೆ.
ಹಿಂದಿನ ಸೀಟಿನವರೆಲ್ಲ ನಿದ್ದೆಯಲ್ಲಿದ್ದರು,
ಅರ್ಧ ದುಡ್ಡು ಕೇಳಿದವರೂ.
ಗೇರು ಇಳಿಸಿದೆ.
ಎಬ್ಬಿಸಲಿಲ್ಲ.