ಏಳನೆಯ ಕಿಟಕಿ

ಹದಿನೆಂಟು ವರ್ಷ ಟ್ರಾಮ್ ಓಡಿಸಿದೆ ನಾನು
ತೋಮ್ಸ್ಕ್ ಊರಿನ ಒಂದೇ ಹಳಿಯ ಮೇಲೆ.
ತಾತಾರರ ಕೇರಿಯ ತಿರುವಿನಲ್ಲಿ ಕೆಂಪು ದೀಪ.
ಅಲ್ಲಿ ನಿಂತಾಗೆಲ್ಲ ಎಡಗಡೆ ಆ ಮರದ ಮನೆ,
ಕಿಟಕಿಗೊಂದು ಕೆತ್ತನೆಯ ಚೌಕಟ್ಟು,
ಚೌಕಟ್ಟಿನ ನೆತ್ತಿಗೆ ಎದುರುಬದುರು ಎರಡು ಹಕ್ಕಿ.

ಮೊದಲ ವರ್ಷ ಕಿಟಕಿ ನನ್ನ ಮೊಣಕೈ ಮಟ್ಟಕ್ಕಿತ್ತು,
ಹತ್ತನೆಯ ವರ್ಷ ಮಂಡಿಗೆ.
ಕೊನೆಗೆ ಪಾದದ ಬಳಿ, ಬೀದಿಯ ಕೆಸರು ಕುಡಿಯುತ್ತ.
ಮನೆ ಕುಸಿಯುತ್ತಿದೆ ಅಂದರು ಜನ.
ಅರ್ಧ ಸುಳ್ಳು. ರಸ್ತೆಯೂ ಏರುತ್ತಿತ್ತು,
ಡಾಂಬರಿನ ಮೇಲೆ ಡಾಂಬರು ಬಳಿದುಕೊಂಡು.

ಹರಾಜಿಗೆ ಬೇರೆ ಯಾರೂ ಬರಲಿಲ್ಲ.
ಗುಮಾಸ್ತೆ ನನ್ನ ಕೈಗಳ ಕಡೆ ನೋಡಿ ಕೇಳಿದಳು:
"ಇದನ್ನು ಏನು ಮಾಡುತ್ತೀರಿ, ರುಫೀನಾ ಗಲೀಮೊವ್ನಾ?"
"ವಾಸ ಮಾಡುತ್ತೇನೆ."
ಅವಳು ನಗಲಿಲ್ಲ. ಮೊಹರು ಎರಡು ಸಲ ಒತ್ತಿದಳು,
ಮೊದಲ ಸಲ ಶಾಯಿ ಹಿಡಿದಿರಲಿಲ್ಲ.

ಮನೆ ಕಟ್ಟಿ ನೋಡು ಅನ್ನುತ್ತಾರೆ.
ಕಟ್ಟಿದ್ದನ್ನು ಎತ್ತಿ ನೋಡಿ ಒಮ್ಮೆ.

ಬಡಗಿ ಯೆಫೀಮ್ ಹನ್ನೆರಡು ಜಾಕ್ ತಂದ,
ಲಾರಿ ಎತ್ತುವಂಥವು.
ದಿನಕ್ಕೆ ಎರಡು ಬೆರಳು, ಹೆಚ್ಚಿಲ್ಲ.
"ಮುದುಕಿಯನ್ನು ಮಂಚದಿಂದ ಏಳಿಸಿದ ಹಾಗೆ," ಅಂದ,
"ಮೊದಲು ಕೂರಿಸಬೇಕು. ತಲೆಸುತ್ತು ಇಳಿದ ಮೇಲೆ ಕಾಲು."
ಮೂರನೆಯ ದಿನ ಮನೆ ಬಾಯಿಬಿಟ್ಟಿತು:
ಒಂದು ಲಟಕ್, ನೆಲದಿಂದ ಮಾಡಿನ ತನಕ,
ಚಿಮಣಿಯಿಂದ ಜರಜರ ಮಸಿ.
ಇಬ್ಬರೂ ಹೊರಗೋಡಿದೆವು.
ಏನೂ ಬೀಳಲಿಲ್ಲ.

ತಳದ ದಿಮ್ಮಿಗಳು ಕೈಯಲ್ಲಿ ರಸ್ಕಿನಂತೆ ಪುಡಿಯಾದವು;
ಮೇಲಿನ ಸಾಲು ಲಾರ್ಚ್, ಕೊಡಲಿ ತಾಗಿದರೆ ಗಂಟೆ.
ಸಂದಿಯಲ್ಲಿ ಹಳೆಯ ಪಾಚಿ,
ನೂರು ವರ್ಷದ ಹಿಂದೆ ಯಾರದೋ ಬೆರಳು ತುರುಕಿದ್ದು,
ಇನ್ನೂ ಮೆತ್ತಗೆ, ಇನ್ನೂ ಕಾಡಿನ ವಾಸನೆ.

ಚಳಿಗಾಲವಿಡೀ ಕಿಟಕಿಗಳ ಕೆಲಸ.
ಎಂಟು ಚೌಕಟ್ಟು, ಕೆರೆದಷ್ಟೂ ಬಣ್ಣ:
ಹಸಿರು, ಆಸ್ಪತ್ರೆಯ ನೀಲಿ, ಮತ್ತೆ ಹಸಿರು,
ಎಲ್ಲಕ್ಕೂ ಕೆಳಗೆ ಹೆಸರಿಲ್ಲದ ಒಂದು ಬಿಳಿ.
ಕೊಕ್ಕುಗಳು ಹೊರಬಂದದ್ದು ಆಗ.
ಏಳನೆಯ ಕಿಟಕಿಯಲ್ಲಿ
ಬಲಗಡೆಯ ಹಕ್ಕಿ ಜೊತೆಯ ಕಡೆ ನೋಡುತ್ತಿಲ್ಲ.
ಕತ್ತು ತಿರುಗಿಸಿ ಬೀದಿ ನೋಡುತ್ತಿದೆ.

"ಕುಡಿದು ಕೆತ್ತಿದ್ದಾನೆ," ಯೆಫೀಮನ ತೀರ್ಪು.
"ಹೆಂಡತಿ ಜತೆ ಜಗಳವಾಡಿ ಬಂದಿದ್ದ," ಪಕ್ಕದ ಮನೆಯ ಮಿನ್ನೂರ್ ಅಜ್ಜನದು.
ಇಲಾಖೆಯ ಹುಡುಗಿ ಅಳೆದಳು, ಫೋಟೊ ತೆಗೆದಳು,
ಅವಳ ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ.
"ಕೊಳೆತಿದೆ, ಹೇಗೂ ಹೊಸದು ಬೇಕು. ಸರಿಮಾಡಿಬಿಡಿ," ಅಂದಳು.

ಆ ರಾತ್ರಿ ಒಲೆಯ ಮುಂದೆ ಕೂತೇ ಇದ್ದೆ.
ಅಷ್ಟು ವರ್ಷ ಆ ಕೆಂಪಿನಲ್ಲಿ ನಿಂತಾಗ
ಹದಿನೈದು ಹಕ್ಕಿ ತಮ್ಮತಮ್ಮಲ್ಲೇ ಮುಳುಗಿದ್ದವು,
ಒಂದು ಮಾತ್ರ ಹೊರಗೆ ನೋಡುತ್ತಿತ್ತು,
ಬಣ್ಣದ ಅಷ್ಟೂ ಪದರದ ಒಳಗಿಂದ.
ನನ್ನನ್ನೇ ಅಂತ ಹೇಳಲಾರೆ.
ಅದನ್ನು ಕೆತ್ತಿದಾಗ ಹಳಿ ಇರಲಿಲ್ಲ, ಕುದುರೆ ಇದ್ದವು.

ಬೆಳಿಗ್ಗೆ ಹೇಳಿದೆ: ತಪ್ಪನ್ನೂ ಕೆತ್ತು.
ಯೆಫೀಮ್ ಉಳಿ ಕೆಳಗಿಟ್ಟ.
"ನಲವತ್ತು ವರ್ಷದ ಕಸುಬು.
ಬೇಕೆಂದು ತಪ್ಪಿದವನಲ್ಲ ನಾನು."
ಎರಡು ದಿನ ಪತ್ತೆಯಿಲ್ಲ.
ಆಮೇಲೆ ಬಂದು ಮೂರು ಸಲ ಕೆತ್ತಿದ:
ಮೊದಲನೆಯದಕ್ಕೆ ಸೊಕ್ಕು ಬಂತು,
ಎರಡನೆಯದು ಅಳುಮುಂಜಿ,
ಮೂರನೆಯದರಲ್ಲಿ ನಿಜವಾಗಿ ಕೈ ಜಾರಿ
ಕೊಕ್ಕಿನ ತುದಿ ಚಕ್ಕೆಯೆದ್ದಿತು.
"ಇದೇ," ಅಂದೆವು ಇಬ್ಬರೂ.

ಈಗ ಕಿಟಕಿಗಳು ಟ್ರಾಮಿನ ಎತ್ತರಕ್ಕಿವೆ.
ಗೋಡೆ ಎಲ್ಲೋ ಇನ್ನೂ ಗಾಳಿ ಬಿಡುತ್ತದೆ,
ಮೈನಸ್ ಮೂವತ್ತಕ್ಕೆ ಎರಡು ಜತೆ ಕಾಲುಚೀಲ.
ಬಚ್ಚಲಮನೆ ಮುಗಿದಿಲ್ಲ; ದುಡ್ಡು ಮುಗಿದಿದೆ.
ಒಂಬತ್ತೂ ಹತ್ತರ ಟ್ರಾಮ್ ಬರುವ ಹೊತ್ತಿಗೆ
ಏಳನೆಯ ಕಿಟಕಿಯ ಹಿಂದೆ ಚಹಾ ಹಿಡಿದು ಕೂರುತ್ತೇನೆ.
ನನ್ನ ಸೀಟಿನಲ್ಲೀಗ ಒಬ್ಬ ಹುಡುಗಿ, ಹೆಸರು ಗೊತ್ತಿಲ್ಲ.
ನಿನ್ನೆ ತಲೆಯೆತ್ತಿ ಹಕ್ಕಿಯನ್ನು ನೋಡಿದಳು,
ಕೈಗವಸಿನಿಂದ ಗಾಜಿನ ಮಂಜು ಒರೆಸಿ ಮತ್ತೆ ನೋಡಿದಳು.
ದೀಪ ಹಸಿರಾದದ್ದು ಅವಳಿಗೆ ಕಾಣಲಿಲ್ಲ.
ಹಿಂದಿನ ಕಾರು ಹಾರನ್ ಹೊಡೆಯಿತು.