ಹಣ ಬಳಕೆ ಪ್ರಮಾಣಪತ್ರ

ಮಾನ್ಯ ಭೋಜ ಕುಂದರ್ ಅವರಿಗೆ,
ನೀವು ಕೊಟ್ಟ ಮೂರು ಲಕ್ಷದಲ್ಲಿ
ಮುನ್ನೂರ ಐವತ್ತು ಬಿಟ್ಟು ಎಲ್ಲದಕ್ಕೂ ರಸೀದಿ ಇದೆ:
ಬಾಡಿಗೆ, ಎರಡು ಫ್ಯಾನು, ಕೇರಂ ಬೋರ್ಡು,
ಐರಿನ್ ಬಾಯಿಯ ಗುರುವಾರದ ಬಸ್ ಚಾರ್ಜು.
ಉಳಿದದ್ದಕ್ಕೆ ಈ ಕಾಗದ.

ಮಲ್ಪೆ ಬಂದರು, ಐಸ್ ಪ್ಲಾಂಟಿನ ಮೇಲಿನ ಕೋಣೆ.
ಕೆಳಗೆ ಮಂಜುಗಡ್ಡೆ ಪುಡಿಯಾಗುವಾಗ
ಮೇಲೆ ನಮ್ಮ ನೆಲ ಹಲ್ಲು ಕಡಿಯುತ್ತದೆ.
ಬಾಗಿಲಿಗೆ ಬರೆಸಿದ್ದೇವೆ: ಯುವ ಕ್ಷೇಮ ಕೇಂದ್ರ.
ಕ್ಷೇಮ ಅಂದ್ರೇನ್ರೀ, ಕೇಳಿದ ಕುಷ್ಟಗಿಯ ಯಮನೂರ.
ಕಾಗದದ ಮೊದಲ ಸಾಲು, ಅಂದೆ.
ನಕ್ಕ. ಹಂಗಾರ ಅದು ಸುಳ್ಳು ಬರಿಯೋ ಜಾಗಾರೀ.

ಐರಿನ್ ಬಾಯಿಯ ಪುಸ್ತಕದಲ್ಲಿ ಹೀಗಿದೆ:
ಮೊದಲ ವಾರ ಹುಡುಗರು ಮಾತಾಡಲಿಲ್ಲ, ನಿದ್ದೆ ಮಾಡಿದರು.
ಎರಡನೆಯ ವಾರ, ನಿದ್ದೆ.
ಮೂರನೆಯ ವಾರ ತಪನ್ ಬೆಹೆರಾ
ಕಿಟಕಿ ತೆಗೆಯಲು ಹೇಳಿದ,
ಸಮುದ್ರ ಕಂಡದ್ದೇ ಮುಚ್ಚಲು ಹೇಳಿದ.
ನಿಮ್ಮ ನಮೂನೆಯ ಪ್ರಗತಿ ಕಾಲಮ್ಮಿಗೆ
ಇದು ಬರುತ್ತದೋ ಇಲ್ಲವೋ, ಬರೆದಿದ್ದೇನೆ.

ಅವನ ಊರಿನವನೇ ಒಬ್ಬ
ಬಲೆ ಎಳೆಯುವಾಗ ಹೋದ. ಅದು ಠಾಣೆಯ ದಾಖಲೆಯಲ್ಲಿದೆ.
ಆಮೇಲೆ ಇವನು ಉಣ್ಣಲಿಲ್ಲ.
ನಮ್ಮ ತೆಂಗಿನೆಣ್ಣೆಯ ವಾಸನೆಗೆ
ಬಂಗುಡೆಯೂ ಯಾರದೋ ಊರಿನದೆಂಬಂತೆ
ತಟ್ಟೆ ಸರಿಸುತ್ತಿದ್ದ.
ಒಂದು ಸಂಜೆ ಉಡುಪಿಗೆ ಹೋಗಿ ನಾನು
ಎರಡು ಲೀಟರ್ ಸಾಸಿವೆ ಎಣ್ಣೆ ತಂದೆ.
ಕಾಯಿಸಿದರೆ ಏನು ಹೊಗೆ ಮಾರಾಯ್ರೆ!
ಕೋಣೆಯಲ್ಲಿದ್ದ ಒಂಬತ್ತು ಜನಕ್ಕೂ ಕಣ್ಣೀರು.
ಅದರಲ್ಲಿ ಯಾರು ಅತ್ತರು, ಯಾರು ಬರೇ ಕಣ್ಣುಜ್ಜಿದರು
ಯಾರೂ ನೋಡಲಿಲ್ಲ.
ತಪನ್ ಎರಡು ಸಲ ಅನ್ನ ಹಾಕಿಸಿಕೊಂಡ.

ಆಡಿಟರು ಕೇಳುತ್ತಾರೆ,
ಸಾಸಿವೆ ಎಣ್ಣೆ ಯಾವ ಶೀರ್ಷಿಕೆಯಡಿ?

ನೀವು ಬಂದ ದಿನ ಹಾರ ಬೇಡವೆಂದಿರಿ.
ಊಟದ ಮೇಜಿನ ಅಡಿಗೆ ಬಗ್ಗಿ ನೋಡಿದಿರಿ, ಬಹಳ ಹೊತ್ತು.
ಮಾಟುಂಗದ ಹೋಟೆಲಿನಲ್ಲಿ
ಇಷ್ಟೇ ಜಾಗದಲ್ಲಿ ಇಬ್ಬರು ಮಲಗುತ್ತಿದ್ದೆವು,
ರಾತ್ರಿಶಾಲೆಯ ಸ್ಲೇಟು ಯಾರದೋ ದುಡ್ಡು,
ಹೆಸರು ಗೊತ್ತಿಲ್ಲ, ಎಂದಿರಿ.
ಆ ಯಾರಿಗೋ
ಸ್ಲೇಟಿನ ಲೆಕ್ಕ ಯಾರು ಕೊಟ್ಟಿರಬಹುದು?
ಅದರ ಮೇಲೆ ನೀವು ಮೊದಲು ಬರೆದ ಅಕ್ಷರ
ಯಾವ ಕಾಲಮ್ಮಿನಲ್ಲಿ ತುಂಬಿದರು?

ಅಂಗಡಿಯವನ ಚೀಟಿ ಮಳೆಗೆ ಒದ್ದೆಯಾಗಿ ಹೋಯಿತು.
ಎಣ್ಣೆ ಇನ್ನೂ ಅರ್ಧ ಬಾಟಲಿ ಇದೆ,
ಮೀನುಗಾರಿಕೆ ನಿಷೇಧ ಮುಗಿಯುವ ತನಕ ಸಾಕು.
ಬೇಡವೆಂದರೆ ಮುನ್ನೂರ ಐವತ್ತು
ನನ್ನ ಸಂಬಳದಲ್ಲಿ ಹಿಡಿಯಬಹುದು.

ಇತ್ತ ಕಡೆ ಎಲ್ಲರೂ
ಊಟ ಮಾಡಿದ್ದಾರೆ.