ಕೆಳಗು

ಚುರಾಪ್ಚಾದಲ್ಲಿ ನೆಲದೊಳಗಿನ ಹಿಮ ಕರಗಿ
ಕಾಡಿಗೆ ಕಾಡೇ ವಾಲಿದೆ.
ಕುಡಿದ ಮರಗಳು ಅನ್ನುತ್ತಾರೆ ಪೇಟೆಯಿಂದ ಬಂದವರು.
ಕುಡಿದದ್ದು ಮರವಲ್ಲ, ನೆಲ.

ಮಿಚಿಲ್ ಒಂದು ಲಾರ್ಚ್ ಕೊಯ್ದ, ಒಲೆಗೆಂದು.
ಬಿಲ್ಲೆಯೊಂದನ್ನು ತಂದು
ಅತ್ತೆ ಅಕುಲಿನಾಳ ತೊಡೆಯ ಮೇಲಿಟ್ಟ:
ನೋಡು, ಬಳೆಗಳೆಲ್ಲ ಒಂದೇ ಮಗ್ಗುಲಿಗೆ ದಪ್ಪ.
ವಾಲಿದ ಕಡೆ, ಅಡಿಯಲ್ಲಿ, ಕೆಂಪಗೆ ಬಿರುಸು;
ಹನ್ನೊಂದು ವರ್ಷ ಹೆಗಲು ಕೊಟ್ಟು ನೂಕಿದ ಗುರುತು.
ಬುಡ ಸೋತಿತ್ತು. ತುದಿ ಮಾತ್ರ ನೆಟ್ಟಗೆ.

ಕಣ್ಣಿಲ್ಲದ್ದಕ್ಕೆ ಮೇಲು ಯಾವುದೆಂದು ಹೇಳಿದವರು ಯಾರು?
ಮೇಲು ಅದಕ್ಕೆ ಗೊತ್ತೇ ಇಲ್ಲ, ಗೊತ್ತಿದ್ದದ್ದು ಕೆಳಗು.
ಕೋಶದ ಪುಟ್ಟ ಚೀಲದೊಳಗೆ ನಾಲ್ಕಾರು ಹಿಟ್ಟಿನ ಕಾಳು;
ಚೀಲ ಓರೆಯಾದರೆ ಜಾರಿ ಹೊಸ ತಳ ಸೇರುತ್ತವೆ.
ಅಷ್ಟೆ. ಬಿದ್ದದ್ದೇ ಸುದ್ದಿ.

ಅಕುಲಿನಾ ನಕ್ಕಳು. ಹೋದ ಚಳಿಗಾಲ
ಮಗ್ಗುಲು ಬದಲಿಸಿದರೆ ಸಾಕು, ಸೂರು ಗಿರ್ರನೆ ತಿರುಗುತ್ತಿತ್ತು.
ಕಿವಿಯೊಳಗಿನ ಸುಣ್ಣದ ಹರಳು ಜಾಗ ಬಿಟ್ಟಿದೆ ಎಂದು
ಯಾಕುತ್ಸ್ಕಿನ ಡಾಕ್ಟರು
ಅವಳ ತಲೆ ಹಿಡಿದು ಅತ್ತ ಹೊರಳಿಸಿ, ಇತ್ತ ಹೊರಳಿಸಿ
ದಾರಿ ತಪ್ಪಿದ ಕರುವನ್ನು ಕೊಟ್ಟಿಗೆಗೆ ಹೊಡೆದ ಹಾಗೆ
ಮನೆ ಸೇರಿಸಿದ್ದರು.

ಅಂದಿನಿಂದ ದಿನಾ ಬೆಳಿಗ್ಗೆ, ಚಹಾಕ್ಕೂ ಮೊದಲು,
ಒಣ ಬಟಾಣಿಯೊಂದನ್ನು ನಡುಮನೆಯಲ್ಲಿ ಬಿಡುತ್ತಾಳೆ.
ತಿಂಗಳುಗಟ್ಟಲೆ ಅದು ಒಲೆಯ ಕಡೆಗೇ ಉರುಳುತ್ತಿತ್ತು.
ಇವತ್ತು ಒಂದು ಗಳಿಗೆ ನಿಂತು, ಯೋಚಿಸಿದಂತೆ,
ಬಾಗಿಲ ಕಡೆ ಹೊರಟಿತು.

ಬಿಲ್ಲೆಯನ್ನು ಪಕ್ಕಕ್ಕಿಟ್ಟು ಎದ್ದಳು:
ಮಿಚಿಲ್, ಇದನ್ನು ಸುಡಬೇಡ.
ಬೆಣೆ ಮಾಡು. ಎರಡು ಸಾಕು,
ಹೊಸ್ತಿಲ ಕೆಳಕ್ಕೆ.